ಗಣಕಗುರುವಿಗೆ ಬಂದ ತುರ್ತು ಪ್ರಶ್ನೆ

"ಲಿನಕ್ಸಿನಲ್ಲಿ ಇಂಟರ್ನಲ್ ಮೋಡೆಮ್ ಕೂರಿಸುವುದು ನೀರು ಕುಡಿದಷ್ಟು ಸುಲಭ. ಮುಂದಿನ ವಾರ ನಾನೇ ಕೂರಿಸಿ, ಅದರಿಂದಲೇ ಲೇಖನ ಕಳಿಸುತ್ತೇನೆ" ಎಂದು ಗುಮಾಸ್ತರು ವಾರಪತ್ರಿಕೆಯಲ್ಲಿ ಬರೆದದ್ದೇ ತಪ್ಪಾಯಿತು.

ಕಚೇರಿಯಲ್ಲಿ ಬರೀ ಗುಮಾಸ್ತರಾದ ಇವರು ಪತ್ರಿಕೆಯಲ್ಲಿ 'ಗಣಕಗುರು'. ಈ ಗುಟ್ಟು ಹೆಂಡತಿಯನ್ನೂ ಸಂಪಾದಕರನ್ನೂ ಬಿಟ್ಟರೆ ಯಾರಿಗೂ ತಿಳಿಯದು. "ಸಂಜೆಯೊಳಗೆ ಲೇಖನ ಬರ್ಲಿಲ್ಲ ಅಂದ್ರೆ ನಿಮ್ಮ ಜಾಗ ಇನ್ನು ಕಾಯಂ ಆಗಿ ಪದಬಂಧಕ್ಕೆ" ಎಂದು ಸಂಪಾದಕರು ಬೆಳ್ಳಂಬೆಳಗ್ಗೆ ಫೋನಿನಲ್ಲಿ ಗದರಿದ್ದರು.

ಗುಮಾಸ್ತರು ರಜೆ ಹಾಕಿ, ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಮೋಡೆಮ್ ಕಾರ್ಡು ಸಿಕ್ಕಿಸಿದರು. ಅದು ಫೋನ್ ತಂತಿಯಲ್ಲಿ ಇಂಟರ್ನೆಟ್ಟಿಗೆ ಡಯಲ್ ಮಾಡಲಿಲ್ಲ. ಬದಲಿಗೆ, ಕಂಪ್ಯೂಟರಿನಲ್ಲಿ ಚೆನ್ನಾಗಿ ಬರುತ್ತಿದ್ದ ಹಾಡು ಒಂದೇ ಅಕ್ಷರವನ್ನು ಕಚ್ಚಿಕೊಂಡು ನಿಂತಿತು. ಮೋಡೆಮ್ಮಿಗೂ ಸೌಂಡ್ ಕಾರ್ಡಿಗೂ ಯಂತ್ರದೊಳಗೆ ಒಂದೇ ಇಂಟರಪ್ಟ್ ನಂಬರು ಸಿಕ್ಕಿತ್ತು. ಒಂದೇ ಬಚ್ಚಲಿನ ಮುಂದೆ ಇಬ್ಬರು ಟವೆಲ್ ಹೊತ್ತು ನಿಂತ ಹಾಗೆ.

ಕಾರ್ಡಿನ ಮೇಲಿದ್ದ ಜಂಪರ್ ಎಂಬ ಪುಟ್ಟ ಚೂರನ್ನು ಕಿತ್ತು ಬೇರೆ ನಂಬರಿಗೆ ಚುಚ್ಚಿದರು. ಮೌಸ್ ಸತ್ತಿತು. ಮತ್ತೊಂದಕ್ಕೆ ಚುಚ್ಚಿದರು. ಪ್ರಿಂಟರು ಯಾರೂ ಕೇಳದೆ ಖಾಲಿ ಹಾಳೆ ಉಗುಳತೊಡಗಿತು.

"ಏನ್ರೀ, ಊರಿಗೆಲ್ಲ ಹೇಳ್ಕೊಡೋರು ನೀವೇ ಅಲ್ವಾ?" ಎಂದಳು ಹೆಂಡತಿ, ಹಾಳೆ ಆಯುತ್ತಾ.

"ಹೇಳ್ಕೊಡೋದು ಬೇರೆ, ಮಾಡೋದು ಬೇರೆ ಕಣೇ."

ಗಲಾಟೆ ಕೇಳಿ ಮಹಡಿ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇಳಿದು ಬಂದರು. ಕರೆಯದೆ ಬರುವುದು ಅವರ ಸ್ವಭಾವ, ಬಂದರೆ ಹೋಗದಿರುವುದು ಅಭ್ಯಾಸ. "ಎಲ್ಲಾ ಧೂಳಿನ ಕಾಟ ಕಣ್ರೀ" ಎನ್ನುತ್ತಾ ಬಗ್ಗಿ ಉಫ್ ಎಂದು ಊದಿಯೇಬಿಟ್ಟರು. ಗುಮಾಸ್ತರು ಮತ್ತೆ ಕಿತ್ತು ಅಂಗೈಯಲ್ಲಿಟ್ಟುಕೊಂಡಿದ್ದ ಜಂಪರು ಹಾರಿಹೋಯಿತು. ಮೂವರೂ ಮಂಚದಡಿ ತೆವಳಿದರು. ಸಿಕ್ಕಿದ್ದು ಹೆಂಡತಿಯ ಹಳೆಯ ಓಲೆಯ ತಿರುಪು. ಜಂಪರು ಕೊನೆಗೆ ಮೇಷ್ಟ್ರ ಮೀಸೆಯಲ್ಲೇ ಸಿಕ್ಕಿತು.

ಮೇಷ್ಟ್ರಿಗೆ ನಾಚಿಕೆಯಾಗಿರಬೇಕು. "ಇರಿ, ತಿಳಿದೋರನ್ನ ಕೇಳ್ಕೊಂಡ್ ಬರ್ತೀನಿ. ಬ್ರೌಸಿಂಗ್ ಸೆಂಟರಿನವನು ನನ್ನ ಶಿಷ್ಯ" ಎಂದು ಎದ್ದರು.

"ನನ್ನ ಹೆಸರು ಮಾತ್ರ ಹೇಳ್ಬೇಡಿ ಸಾರ್."

"ನಿಮ್ಮ ಹೆಸರು ಯಾರಿಗ್ರೀ ಬೇಕು?"

ಹೊತ್ತು ಇಳಿಯುವಷ್ಟರಲ್ಲಿ ಮೇಷ್ಟ್ರು ಮುಖವರಳಿಸಿಕೊಂಡು ಮರಳಿದರು. "ಕೆಲಸ ಆಯ್ತು. ಇಡೀ ಊರಲ್ಲಿ ಇದು ಒಬ್ಬರಿಗೇ ಗೊತ್ತಂತೆ. ಅವರಿಗೇ ಮೇಲ್ ಹಾಕ್ಸಿ ಬಂದೆ. ತುರ್ತು ಅಂತಲೂ ಬರೆಸಿದ್ದೀನಿ."

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. "ಯಾರು ಸಾರ್ ಆ ಪುಣ್ಯಾತ್ಮರು?" ಎನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಸಂಪಾದಕರು. ಬೆಳಗಿನ ಗದರಿಕೆ ಹೋಗಿ ದನಿಯಲ್ಲಿ ಬೆಣ್ಣೆಯಿತ್ತು.

"ಗುರುಗಳೇ, ನಿಮಗೆ ಅಂತ ಪತ್ರಿಕೆಯ ಮೇಲ್‌ಗೆ ಒಬ್ಬ ಓದುಗರ ತುರ್ತು ಪ್ರಶ್ನೆ ಬಂದಿದೆ. ಮೋಡೆಮ್ ಹಾಕಿದ್ರೆ ಹಾಡು ನಿಲ್ಲುತ್ತಂತೆ, ಮೌಸ್ ಸಾಯುತ್ತಂತೆ, ಪ್ರಿಂಟರಿಗೆ ಭೇದಿ ಹತ್ತುತ್ತಂತೆ. ಪಾಪ, ಯಾರೋ ಶುದ್ಧ ಪೆದ್ದ. ನಿಮ್ಮ ಲೇಖನದ ಜಾಗಕ್ಕೆ ಇದರ ಉತ್ತರವೇ ಸಾಕು. ಒಂದು ಗಂಟೆಯೊಳಗೆ ಕಳಿಸಿ. ಫೋನಲ್ಲಿ ಬೇಡ, ಮಾತು ಕೊಟ್ಟ ಹಾಗೆ ನಿಮ್ಮ ಮೋಡೆಮ್ಮಿಂದ್ಲೇ ಬರ್ಲಿ."

ಗುಮಾಸ್ತರು ರಿಸೀವರ್ ಇಟ್ಟು ಕುರ್ಚಿಯಲ್ಲಿ ಕುಸಿದರು.

"ಯಾಕ್ರೀ ಹೀಗೆ ಬೆವರ್ತಿದ್ದೀರಿ?" ಎಂದರು ಮೇಷ್ಟ್ರು. "ಧೈರ್ಯವಾಗಿರಿ. ಗಣಕಗುರುಗಳು ಇದ್ದಾರೆ, ಎಲ್ಲಾ ನೋಡ್ಕೋತಾರೆ."

ಹೆಂಡತಿ ಒಂದು ಲೋಟ ನೀರು ತಂದುಕೊಟ್ಟಳು. ಗಣಕಗುರುಗಳಿಗೆ ಅದನ್ನು ಕುಡಿಯುವುದೂ ಸುಲಭವಾಗಲಿಲ್ಲ.