ಎದುರಾಳಿಯ ಪರ ವಾದಿಸಿ ಬಿಡಿಸಿಕೊಂಡ ಸೈಕಲ್

ವಾದದಲ್ಲಿ ಗೆಲ್ಲುವುದಕ್ಕಿಂತ ಎದುರಾಳಿಗೆ ನ್ಯಾಯ ಸಲ್ಲಿಸುವುದು ದೊಡ್ಡದೆಂದು ಕಾಲೇಜಿನ ಚರ್ಚಾಕೂಟದಲ್ಲಿ ಕಲಿತವನು ನಾನು. ಮೊದಲು ಆತನ ಪಕ್ಷವನ್ನು ಆತನಿಗಿಂತ ಚೆನ್ನಾಗಿ ಮಂಡಿಸಬೇಕು, ಅನಂತರ ಖಂಡಿಸಬೇಕು. ಇದು ಸಭ್ಯರ ಕ್ರಮ. ಈ ಕ್ರಮದಿಂದ ನನಗೆ ಎರಡು ಬೆಳ್ಳಿಯ ಬಟ್ಟಲುಗಳು ದೊರೆತಿವೆ. ಮದುವೆಯಾದ ಮೇಲೆ ಮಾತ್ರ ಒಂದು ವಾದವನ್ನೂ ಗೆದ್ದಿಲ್ಲ. ಖಂಡನೆಯ ಭಾಗ ಬರುವವರೆಗೆ ನನ್ನ ಹೆಂಡತಿ ಕಾಯುವುದೇ ಇಲ್ಲ.

ಆಗ ನಾನು ಧಾರವಾಡದಲ್ಲಿ ಮಾಸ್ತರನಾಗಿದ್ದೆ. ಪ್ರತಿ ರವಿವಾರ ರಾಯಾಪುರದವರೆಗೆ ಸೈಕಲ್ ತುಳಿದು, ಅಲ್ಲಿನ ಹೆಣ್ಣುಮಕ್ಕಳಿಗೆ ಓದು ಕಲಿಸುತ್ತಿದ್ದೆ. ದೇಶವನ್ನು ತಿದ್ದುವ ಅವಸರದಲ್ಲಿ, ಸಾಲದ ಮೇಲೆ ಕೊಂಡ ಆ ಸೈಕಲ್ಲಿನ ಎರಡು ಕಂತು ಕಟ್ಟುವುದು ಮರೆತುಹೋಯಿತು. ಒಂದು ರವಿವಾರ ಪಾಠ ಮುಗಿಸಿ ಹೊರಬಂದರೆ, ಬೇವಿನ ಮರಕ್ಕೆ ಒರಗಿಸಿದ್ದ ಸೈಕಲ್ ಇಲ್ಲ! ಪಾಠದ ನಡುವೆ ನನಗೆ ನೀರು ತರಲು ಎದ್ದುಹೋಗಿದ್ದ ಗಂಗವ್ವ ಮುಂದೆ ಬಂದಳು.

“ಸೈಕಲ್ ಅಂಗಡಿ ಆಳು ಬಂದಿದ್ದ ರೀ ಮಾಸ್ತರ್ರ. ಚೀಟಿ ತೋರಿಸಿದ. ನಾನ ಓದೇನಿ! ‘ಎರಡು ಕಂತು ಬಾಕಿ, ಸೈಕಲ್ ಜಪ್ತಿ.’ ಒತ್ತಕ್ಷರಾನೂ ಬಿಡಲಿಲ್ಲ ನೋಡ್ರಿ. ಖರೇ ಐತಿ ಅಂತ ಹೊರಗಿನ ಗ್ವಾಡಿಗೆ ನೀವು ಸಿಗಿಸಿದ್ದ ಕೀಲೀನೂ ನಾನ ಕೊಟ್ಟೆ.”

ಅದುವರೆಗೆ ಅವಳು ಒಂದು ಒತ್ತಕ್ಷರವನ್ನೂ ಸರಿಯಾಗಿ ಓದಿರಲಿಲ್ಲ. ಸಿಟ್ಟಾಗಬೇಕೋ ಹೆಮ್ಮೆಪಡಬೇಕೋ ತಿಳಿಯದೆ “ಶಾಬಾಸ್” ಎಂದೆ.

“ಮುಂದಿನ ವಾರ ಬರ್ತೀರಿಲ್ಲರಿ? ಪುಸ್ತಕದಾಗ ಇನ್ನ ನಾಕು ಪಾಠ ಉಳದಾವು.”

ಬರುವುದು ಹೇಗೆ? ಬಸ್ಸಿನ ಮರ್ಜಿಯನ್ನು ನಂಬಿ ನಾನು ತಲುಪುವಷ್ಟರಲ್ಲಿ ಅವರೆಲ್ಲ ರೊಟ್ಟಿ ಬಡಿಯಲು ಎದ್ದಿರುತ್ತಿದ್ದರು. ಸೈಕಲ್ ಮರಳದಿದ್ದರೆ ಆ ನಾಲ್ಕು ಪಾಠಗಳು ಉಳಿದೇಹೋಗುತ್ತಿದ್ದವು.

ಮರುದಿನವೇ ಅಂಗಡಿಗೆ ಹೋದೆ. ಒಡೆಯರಾದ ಚನ್ನಬಸಪ್ಪನವರು ಹಣೆತುಂಬ ವಿಭೂತಿ, ಬಾಯಿತುಂಬ ಎಲೆಅಡಿಕೆಯೊಡನೆ ಕುಳಿತಿದ್ದರು. ಅವರ ಹಿಂದೆ ನನ್ನ ಸೈಕಲ್ ಗೋಡೆಯತ್ತ ಮುಖಮಾಡಿ ನಿಂತಿತ್ತು. ನಾನು ಕ್ರಮ ತಪ್ಪದೆ ಅವರ ಪಕ್ಷದಿಂದಲೇ ಆರಂಭಿಸಿದೆ. “ಸಾವಕಾರರೇ, ಕಂತು ಎಂಬುದು ಬರಿಯ ಹಣವಲ್ಲ, ಕೊಟ್ಟ ಮಾತು. ಇಂದು ಒಬ್ಬನು ಮಾತು ತಪ್ಪಿದರೆ, ನಾಳೆ ಬರುವ ಬಡವನಿಗೆ ಸೈಕಲ್ ಕೊಡಲು ನೀವು ಹಿಂಜರಿಯುತ್ತೀರಿ. ಆದ್ದರಿಂದ ಕಂತು ತಪ್ಪಿಸಿದವನು ಮೋಸ ಮಾಡುವುದು ಅಂಗಡಿಗಲ್ಲ, ತಾನು ಕಾಣದ ಆ ಬಡವನಿಗೆ!” ಪಂಕ್ಚರ್ ಹಚ್ಚುತ್ತಿದ್ದ ಆಳು ಕೈ ನಿಲ್ಲಿಸಿದ. ಗಾಳಿ ತುಂಬಿಸಿಕೊಳ್ಳಲು ಬಂದಿದ್ದ ಗಿರಾಕಿಯೊಬ್ಬ ಯಾರೂ ಕೇಳದೆಯೇ ತನ್ನ ಬಾಕಿ ತೆಗೆದಿಟ್ಟ. ನಾನು ಗಂಟಲು ಸರಿಪಡಿಸಿಕೊಂಡು “ಆದರೆ…” ಎಂದೆ.

“ಆದರ-ಗೀದರ ಬ್ಯಾಡ್ರಿ ಮಾಸ್ತರ!” ಎಂದರು ಚನ್ನಬಸಪ್ಪನವರು. “ಇಷ್ಟು ವರ್ಷ ಅಂಗಡಿ ನಡಸೇನಿ, ಈ ಮಾತು ನನಗ ಹೊಳೀಲೇ ಇಲ್ಲ. ದಪ್ಪ ಅಕ್ಷರದಾಗ ಬರದು ಕೊಡ್ರಿ, ಗ್ವಾಡಿಗೆ ಹಚ್ಚತೇನಿ. ಸೈಕಲ್ ಈಗ ಒಯ್ರಿ. ಬಾಕಿ ಪಗಾರ ಆದಮ್ಯಾಲ ಕೊಡ್ರಿ.”

ಮನೆಯ ಹೊರಗೆ ಮೊದಲ ಸಲ ಖಂಡನೆಯನ್ನು ನುಂಗಿಕೊಂಡು, ಬರೆದುಕೊಟ್ಟೆ. ಉಳಿದ ನಾಲ್ಕು ಪಾಠಗಳೂ ಮುಗಿದವು. ಹಳೆಯ ಬಾಕಿಯೂ ತೀರಿತು.

ಕೆಲವು ತಿಂಗಳ ಮೇಲೆ ಮತ್ತೊಂದು ಕಂತು ತಪ್ಪಿತು. ಈ ಸಲ ಖಂಡನೆಯಿಂದಲೇ ಆರಂಭಿಸಬೇಕೆಂದು ನಿಶ್ಚಯಿಸಿ ಅಂಗಡಿಯ ಮೆಟ್ಟಿಲೇರಿದರೆ, ಗಂಗವ್ವ ಗಂಡನಿಗೊಂದು ಸೈಕಲ್ ಕೇಳಲು ಬಂದು ನಿಂತಿದ್ದಳು. ಚನ್ನಬಸಪ್ಪನವರ ಬಾಯಲ್ಲಿ ಎಲೆಅಡಿಕೆ ಇತ್ತು. ಗೋಡೆಗೆ ಹಚ್ಚಿದ್ದ ನನ್ನ ಬರಹದತ್ತ ಬೆರಳು ತೋರಿಸಿದರು.

“ತಡೀರಿ ಮಾಸ್ತರ್ರ, ನಾ ಓದತೇನಿ!” ಎಂದು ಗಂಗವ್ವ ಮೊದಲಿನಿಂದ ಕೊನೆಯವರೆಗೆ ಎಲ್ಲೂ ಎಡವದೆ ಗಟ್ಟಿಯಾಗಿ ಓದಿದಳು. “ಯಾರು ಬರದಾರೋ, ಭಾಳ ಶಾಣ್ಯಾ ಇರಬೇಕ್ರಿ!”

ಆ ಜಾಣನ ಹೆಸರು ಹೇಳುವ ಧೈರ್ಯವಾಗದೆ, ಹೆಂಡತಿ ಸಕ್ಕರೆಗೆಂದು ಕೊಟ್ಟಿದ್ದ ಹಣವನ್ನು ಕಿಸೆಯಿಂದ ತೆಗೆದಿಟ್ಟೆ. ಬರಿಗೈಯಲ್ಲಿ ಮನೆಗೆ ಬಂದವನು, ಅಭ್ಯಾಸಬಲದಿಂದ, ಅವಳ ಪಕ್ಷದಿಂದಲೇ ಆರಂಭಿಸಿದೆ.