ವಿಮಾನಗದ್ದೆಯಲ್ಲಿ ನಿಂತ ಮಾವ

ನಮ್ಮ ಮಾವ ಕೂತದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ಶಾಲು ಹೊದೆಸಿ ಸನ್ಮಾನ ಮಾಡುತ್ತೇನೆ! ಇವರು ನನ್ನಮ್ಮನ ಸ್ವಂತ ತಮ್ಮ. ವಯಸ್ಸು ಎಪ್ಪತ್ತರ ಆಸುಪಾಸು. ಕೋಟದಲ್ಲಿ ಬಸ್ಸು ಹತ್ತಿದರೆ, ಬಸ್ಸು ಪೂರ್ತಿ ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಇರುತ್ತಾರೆ. "ಹ್ವಾಯ್, ಅಷ್ಟ್ ಸೀಟ್ ಇತ್ತಲೆ, ಕೂಕಣಿ ಮರ್ರೆ" ಎಂದು ಕಂಡಕ್ಟರ್ ಗೋಗರೆದರೆ, "ಬ್ಯಾಡ, ಈಗ ಇಳುಕಿತ್" ಎನ್ನುತ್ತಾರೆ. ಅವರು ಇಳಿಯುವುದು ನಾವುಂದದಲ್ಲಿ. ಅದಕ್ಕೆ ಇನ್ನೂ ಮುಕ್ಕಾಲು ಗಂಟೆ ಇರುತ್ತದೆ!

ಕ್ಷೌರದಂಗಡಿಯವನು ಮಾವನ ತಲೆ ದೂರದಲ್ಲಿ ಕಂಡರೆ ಮೊದಲು ತಾನು ಹತ್ತಿ ನಿಲ್ಲಲು ಸ್ಟೂಲು ಹುಡುಕುತ್ತಾನೆ. ಮದುವೆಮನೆಗೆ ಹೋದರೆ ಪಂಕ್ತಿಯಲ್ಲಿ ಎಲೆ ಹಾಕುವ ಹೊತ್ತಿಗೆ ಇವರು ಯಾರದ್ದೋ ಕೈಯಿಂದ ಸಾರಿನ ಬಕೆಟ್ ಕಸಿದುಕೊಂಡು ಬಡಿಸತೊಡಗುತ್ತಾರೆ. ಅವರದೇ ಮದುವೆಯಲ್ಲಿ ಏನು ಮಾಡಿದರು ಎಂದು ಅತ್ತೆಯನ್ನು ಕೇಳಿದ್ದೆ. "ಮಣೆ ಮೇಲೆ ಕುಕ್ಕರಗಾಲಲ್ಲೇ ಇದ್ರ್. ಕೂಕಂಬುದ್ ಅಂದ್ರೆ ಅದಲ್ಲ ಅಂಬ್ರ್!" ಎಂದರು ಅತ್ತೆ.

ಮುಂಬಯಿಯ ಹೋಟೆಲಿನಲ್ಲಿ ಮೂವತ್ತು ವರ್ಷ ನಿಂತು ನಿಂತು ಹೀಗಾಯಿತು ಎಂದು ಊರವರ ಅಂಬೋಣ. ಅಮ್ಮ ಹೇಳುವ ಕಥೆ ಬೇರೆ. ಅದಕ್ಕೆ ಮೊದಲು ವಿಮಾನಗದ್ದೆಯ ವಿಷಯ ಹೇಳಬೇಕು.

ಕೋಟದಲ್ಲಿ ಬಸ್ಸಿಳಿದು ಕಡಲಿನ ದಿಕ್ಕಿಗೆ ನಡೆದರೆ ನಮ್ಮೂರು. ಊರಿನ ನಟ್ಟನಡುವೆ, ಹಿಂದೆ ಯಾವುದೋ ಯುದ್ಧದ ಕಾಲಕ್ಕೆ ಮಿಲಿಟರಿಯವರು ಮಾಡಿ ಬಿಟ್ಟುಹೋದ ವಿಮಾನ ಇಳಿಯುವ ಒಂದು ಪಟ್ಟಿ ಇದೆ, ಅದೇ ವಿಮಾನಗದ್ದೆ. ಉದ್ದಕ್ಕೆ, ನುಣ್ಣಗೆ, ಕಾದ ಕಾವಲಿಯಂತೆ ಬಿಸಿಯಾಗುವ ನೆಲ. ವಿಮಾನ ಎಷ್ಟು ಇಳಿದವೋ ಗೊತ್ತಿಲ್ಲ, ಭತ್ತ ಮಾತ್ರ ತಪ್ಪದೆ ಇಳಿಯುತ್ತದೆ! ಕುಚ್ಚಲಕ್ಕಿಗೆ ಬೇಯಿಸಿದ ಭತ್ತ, ನೆಲಗಡಲೆ, ಸಿಗಡಿ, ಹಪ್ಪಳ, ಎಲ್ಲವೂ ಒಣಗುವುದು ಅಲ್ಲೇ. ಪ್ರತಿ ಮನೆಗೂ ಅಲ್ಲೊಂದು ಜಾಗ, ಜಾಗಕ್ಕೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಅಣ್ಣತಮ್ಮಂದಿರು ಪಾಲಾಗುವಾಗ ಮಿಲಿಟರಿಯ ಈ ನೆಲವನ್ನೂ ಗಂಭೀರವಾಗಿ ಪಾಲು ಮಾಡಿಕೊಳ್ಳುತ್ತಾರೆ. ಕಾಗದಪತ್ರ ಯಾರ ಬಳಿಯೂ ಇಲ್ಲ, ಜಗಳ ಮಾತ್ರ ಎಲ್ಲರ ಬಳಿಯೂ ಇದೆ.

ಅಮ್ಮನಿಗೆ ಹದಿನೈದು, ಮಾವನಿಗೆ ಏಳು ಇದ್ದಾಗ ಒಂದು ದಿನ ಅಮ್ಮ ಅಲ್ಲಿ ಭತ್ತ ಹರಡಿ, ತಮ್ಮನ ಕೈಗೆ ಕೋಲು ಕೊಟ್ಟು ಕಾಗೆ ಓಡಿಸಲು ನಿಲ್ಲಿಸಿದ್ದಳಂತೆ. ಮಾವ ಸ್ವಲ್ಪ ಕೂತರು. ಕೂತದ್ದೇ ನಿದ್ದೆ. ಎದ್ದಾಗ ಕಾಗೆಗಳ ಜೊತೆ ಎರಡು ದನವೂ ಊಟ ಮುಗಿಸಿದ್ದವು. ಆ ವಾರ ಮನೆಯಲ್ಲಿ ಎಲ್ಲರಿಗೂ ಗಂಜಿತಿಳಿ. "ಇನ್ನೊಂದ್ ಸಲ ಕೂಕಂಡ್ರೆ ಕಾಣ್!" ಎಂದು ಅಮ್ಮ ಕೋಲೆತ್ತಿದ್ದಳಂತೆ. ಬೈದವಳು ಸಂಜೆಗೇ ಮರೆತಳು. ಬೈಸಿಕೊಂಡವರು ಮರೆತ ಹಾಗಿಲ್ಲ.

ಇಂಥ ವಿಮಾನಗದ್ದೆಯಲ್ಲಿ ಈಗ ಬಡಾವಣೆ ಬರುತ್ತದಂತೆ! ಕೆಳಗೆ ಅಂಗಡಿ, ಮೇಲೆ ಮನೆ, ಒಂದು ಆಸ್ಪತ್ರೆ, ಒಂದು ಶಾಲೆ, ವಾಕಿಂಗಿಗೆ ಹಾದಿ. ಕಂಪನಿಯ ಎಂಜಿನಿಯರಮ್ಮ ಶಾಲೆಯ ಹಾಲಿನಲ್ಲಿ ಸಭೆ ಕರೆದು ಥರ್ಮಕೋಲಿನ ಊರೊಂದನ್ನು ಮೇಜಿನ ಮೇಲಿಟ್ಟರು. ಊರವರೆಲ್ಲ ಬಗ್ಗಿ ಬಗ್ಗಿ ಅದರಲ್ಲಿ ತಮ್ಮ ತಮ್ಮ ಕಲ್ಲು ಹುಡುಕಿದರು. ಮಾವ, ನಿಂತವರು ನಿಂತಲ್ಲಿಂದಲೇ ಕೇಳಿದರು, "ಎಲ್ಲ ಚಂದ ಇತ್ತ್. ಇದ್ರಂಗೆ ಒಣಗ್ಸುದ್ ಎಲ್ಲಿ ಮರ್ರೆ?"

"ಪ್ರತಿ ಮನೆಗೂ ಬಾಲ್ಕನಿ ಇದೆಯಲ್ಲ ಸರ್. ಹಗ್ಗವನ್ನೂ ನಾವೇ ಕಟ್ಟಿಸಿಕೊಡುತ್ತೇವೆ."

"ಭತ್ತಕ್ಕೆ ಕ್ಲಿಪ್ ಹಾಕುದಾ?"

ಶಾಲೆಯ ಮಾಡು ಹಾರಿಹೋಗುವಷ್ಟು ನಗು. ಮಾವ ಮಾತ್ರ ನಗಲಿಲ್ಲ. ಅಮ್ಮನ ನಾಲ್ಕು ಕಲ್ಲು ಇರುವ ಜಾಗದಲ್ಲಿ ನಕ್ಷೆಯವರು ಕಾರು ನಿಲ್ಲಿಸಲು ಗೆರೆ ಎಳೆದಿದ್ದರು. ಅಮ್ಮನಿಗೆ ಮಿಲ್ಲಿನ ಅಕ್ಕಿ ಸೇರದು. ಮಂಡಿನೋವು ಇದ್ದರೂ ವರ್ಷದ ಭತ್ತ ಬೇಯಿಸಿ ಅಲ್ಲಿ ಹರಡಿದರೇ ಅವಳಿಗೆ ಜೀವ. ಬಡಾವಣೆ ಮಾವನಿಗೂ ಬೇಕು, ಆಸ್ಪತ್ರೆ ಬೇಡವೆಂದು ಯಾರು ಹೇಳುತ್ತಾರೆ? ಆದರೆ ಅಕ್ಕನ ಜಾಗ ಹೋಗಬಾರದು. ಅಂದಿನಿಂದ ಶುರುವಾಯಿತು ನೋಡಿ, ಮಾವನ ಕಾಲಿಗೆ ಚಕ್ರ ಕಟ್ಟಿದಂತಾಯಿತು!

ನಕ್ಷೆಯ ಒಂದು ಪ್ರತಿ ಬೇಡಿ ತಂದರು. ಮರುದಿನ ಬೆಳಿಗ್ಗೆ ಒಂದು ಬುಟ್ಟಿ ಸುಣ್ಣದ ಪುಡಿ ಹಿಡಿದು ವಿಮಾನಗದ್ದೆಗಿಳಿದು, ಇಡೀ ಬಡಾವಣೆಯನ್ನು ನೆಲದ ಮೇಲೆ, ಕಟ್ಟುವಷ್ಟೇ ದೊಡ್ಡದಾಗಿ ಗೀಚತೊಡಗಿದರು. ಜಾಗ ಎಲ್ಲಿ ಮಿಗುತ್ತದೆ ಎಂದು ನೋಡಬೇಕಂತೆ. ಟೇಪು ಮುಟ್ಟುವವರಲ್ಲ, ಹೆಜ್ಜೆಯಲ್ಲೇ ಅಳತೆ. ಅಲ್ಲೇ ಆದದ್ದು ಎಡವಟ್ಟು. ಬೆಳಿಗ್ಗೆ ಗೀಚಿದ ಮನೆಗಳು ವಿಶಾಲ. ಮಧ್ಯಾಹ್ನದ ಮೇಲೆ ಕಾಲು ಸೋತು ಹೆಜ್ಜೆ ಕಿರಿದಾದಾಗ ಗೀಚಿದವು ಗೂಡು! "ನಮ್ಗೆ ಬೆಳಿಗ್ಗಿನ್ ಮನಿಯೇ ಆಯ್ಕ್" ಎಂದು ನೆರೆಮನೆಯ ಅಕ್ಕ ಹಟ ಹಿಡಿದರು. ತಾನು ಫ್ಲ್ಯಾಟು ಕೊಳ್ಳುವವಳಲ್ಲ ಎಂಬುದು ಅವರಿಗೇ ಮರೆತುಹೋಗಿತ್ತು.

ಮೂರು ದಿನದಲ್ಲಿ ಊರೇ ಸುಣ್ಣದ ಮನೆಗಳಿಗೆ ಒಕ್ಕಲು ಬಂತು. ಒಬ್ಬರ ಚಾವಡಿಯಲ್ಲಿ ಇನ್ನೊಬ್ಬರ ಸಿಗಡಿ ಒಣಗಿತು. ಅಡುಗೆಕೋಣೆಗೆ ಎದುರಾಗಿ ಪಕ್ಕದವರ ಬಚ್ಚಲು ಬಂತೆಂದು ಎರಡು ಮನೆಯವರು ಮಾತು ಬಿಟ್ಟರು. ಮನೆಯೇ ಇಲ್ಲ, ಬಚ್ಚಲಿನ ಜಗಳ ಮುಗಿಯಲಿಲ್ಲ! ನಾನೂ ಸಾಕಷ್ಟು ನಕ್ಕೆ. ಮಾವ ನಗುವುದಕ್ಕೂ ನಿಲ್ಲದೆ ಅಳಿಸುವುದು, ಗೀಚುವುದು, ಮತ್ತೆ ಅಳಿಸುವುದು. ಆಸ್ಪತ್ರೆಯನ್ನು ಎಡಕ್ಕೆ ತಳ್ಳಿದರು, ಶಾಲೆಯನ್ನು ತಿರುಗಿಸಿದರು. ಏನು ಮಾಡಿದರೂ ಕಾರುಗಳು ಬಂದು ಅಮ್ಮನ ಕಲ್ಲುಗಳ ನಡುವೆಯೇ ನಿಲ್ಲುತ್ತಿದ್ದವು.

ವಾರದ ಮೇಲೆ ಎಂಜಿನಿಯರಮ್ಮ ಬಂದರು. ಸುಣ್ಣದ ಗೆರೆಗಳನ್ನು ದಾಟಿ ಸೀದಾ ನಡೆದೇ ಬಿಟ್ಟರು. "ಹ್ವಾಯ್! ಗ್ವಾಡೆ ದಾಟಿ ಬತ್ರ್ಯಾ? ಬಾಗ್ಲ್ ಆಚೆ ಬದಿ!" ಎಂದು ನೆರೆಮನೆಯ ಅಕ್ಕ ಗದರಿದರು. ಪಾಪ, ಅವರು ಬೆಚ್ಚಿ ಹಿಂದೆ ಹೋಗಿ, ಬಾಗಿಲಿನಿಂದಲೇ ಒಳಗೆ ಬಂದರು. ಚಪ್ಪಲಿಯನ್ನೂ ಬಿಟ್ಟು ಬಂದರು! ಸುಡುವ ನೆಲದಲ್ಲಿ ಬರಿಗಾಲಲ್ಲಿ ಕುಣಿಯುತ್ತ, ಮಾವನ ಹಿಂದೆ ಮನೆಮನೆ ದಾಟಿ ಅಮ್ಮನ ಜಾಗಕ್ಕೆ ಬಂದರು. ಅಮ್ಮ ಕೊಡೆ ಹಿಡಿದು ಮಣೆಯ ಮೇಲೆ ಕೂತಿದ್ದಳು. ಎದುರಿಗೆ ಭತ್ತ.

"ಇಲ್ಲಿ ಕಾರುಗಳು ಬರಬೇಕಲ್ಲ ಅಮ್ಮ" ಎಂದರು ಎಂಜಿನಿಯರಮ್ಮ ಮೆಲ್ಲಗೆ.

"ಬರ್ಲಿ. ಆರೆ, ಕಾರ್ ಒಣಗ್ಸ್ಕಾ?"

"ಅಂದರೆ?"

"ಒಣಗ್ಸುಕ್ ಇಲ್ಲೆ ಅಂದ್ಮೇಲೆ ಅದಕ್ಕೆಂತಕೆ ಈ ಬಿಸ್ಲ್? ಮನಿ ಅಡಿಯಂಗೆ ನೆರಳಗ್ ಇಡಿ. ಬಿಸ್ಲ್ ನಮ್ಗ್ ಬಿಡಿ."

ಎಂಜಿನಿಯರಮ್ಮ ಒಂದು ಕ್ಷಣ ಸುಡುವ ಕಾಲನ್ನೂ ಮರೆತು ನಿಂತರು. ಆಮೇಲೆ ಪುಸ್ತಕ ತೆಗೆದು ಏನೋ ಬರೆದುಕೊಂಡರು. ವಾರವಿಡೀ ಸುಣ್ಣ ಚೆಲ್ಲಿದ ಮಾವ ಬಾಯಿ ಬಿಟ್ಟುಕೊಂಡು ಅಕ್ಕನನ್ನೇ ನೋಡಿದರು.

ಮುಂದಿನ ಒಂದೂವರೆ ತಿಂಗಳು ಮಾವ ನಿಂತಲ್ಲೂ ನಿಲ್ಲಲಿಲ್ಲ. ದಿನಕ್ಕೆ ನಾಲ್ಕು ಸಲ ಪಂಚಾಯಿತಿ ಕಚೇರಿ, ಎಂಟು ಸಲ ವಿಮಾನಗದ್ದೆ. ಕೊನೆಗೆ ನಿನ್ನೆ ಹೊಸ ನಕ್ಷೆ ಬಂತು. ಕಾರುಗಳೆಲ್ಲ ಅಂಗಡಿಗಳಿಗೂ ಕೆಳಗೆ, ನೆಲಮಾಳಿಗೆಗೆ ಹೋಗಿದ್ದವು. ಪಟ್ಟಿಯ ನಡುಭಾಗ ಉದ್ದಕ್ಕೆ ಖಾಲಿ. ಅದರ ಮೇಲೆ ಅಚ್ಚಾದ ಅಕ್ಷರಗಳಲ್ಲಿ "ಒಣಗಿಸುವ ಅಂಗಳ".

ಮಾವ ನಕ್ಷೆ ಹಿಡಿದು ಓಡಿದರು, ನಾನು ಅವರ ಹಿಂದೆ. ಅಮ್ಮ ಭತ್ತ ಹರಡಿ ಕೂತಿದ್ದಳು. ಮಾವ ಏದುಸಿರು ಬಿಡುತ್ತ ಓದಿದರು. ಓದುವಾಗಲೂ ಒಂದು ಕೈಯಲ್ಲಿ ಅಮ್ಮನ ಪಕ್ಕದಿಂದ ಎತ್ತಿಕೊಂಡ ಕೋಲು, ಒಂದು ಕಣ್ಣು ಕಾಗೆಯ ಮೇಲೆ. ಕಾದ ನೆಲದಲ್ಲಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತೇ ಇದ್ದರು. ಅಮ್ಮ ಆ ಕಾಲುಗಳನ್ನೂ ಕೋಲನ್ನೂ ನೋಡಿದಳು. ಅವಳಿಗೆ ಏನು ನೆನಪಾಯಿತೋ, ಕಣ್ಣು ತುಂಬಿ ಬಂತು. ಮೆಲ್ಲಗೆ ಕೈ ಚಾಚಿ ಅವರ ಕೈಯಿಂದ ಕೋಲು ತೆಗೆದುಕೊಂಡಳು. ತಾನು ಪಕ್ಕಕ್ಕೆ ಸರಿದು ಮಣೆಯಲ್ಲಿ ಅರ್ಧ ಜಾಗ ಬಿಟ್ಟಳು.

"ಸಾಕ್ ಮಾಣಿ. ಕೂಕೊ. ಕಾಕಿ ನಾ ಕಾಣ್ಕಂತೆ."

ಮಾವ ಕೂತರು.