ಸೊನ್ನೆ ಸಾಹೇಬರ ಡಿಸ್ಕ್ ವಿಲೇವಾರಿ

"ಇವತ್ತಿನಿಂದ ಈ ಮನೆಯ ಕಂಪ್ಯೂಟರಿನ ಯೋಗಕ್ಷೇಮ ನನ್ನ ಹೆಗಲ ಮೇಲೆ! ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ!"

ಒಂಬತ್ತು ವಾರದ ಹಿಂದೆ, ಒಂದು ಶನಿವಾರ ಬೆಳಗ್ಗೆ, ಹಲ್ಲುಜ್ಜುವ ಬ್ರಷ್ಷನ್ನು ಬಾಯಿಂದ ತೆಗೆಯದೆಯೇ ಸೊನ್ನೆ ಸಾಹೇಬರು ಈ ಘೋಷಣೆ ಹೊರಡಿಸಿದರು. ಕೇಳಲು ಇದ್ದವರು ಹೆಂಡತಿ ಒಬ್ಬರೇ.

"ಮೊದಲು ಬಾಯಿ ತೊಳ್ಕೊಳ್ಳಿ. ನೊರೆ ಕೀಬೋರ್ಡ್ ಮೇಲೆ ಬೀಳ್ತಿದೆ" ಎಂದರು ಅವರು.

ಸಾಹೇಬರು ನೀರು ಸರಬರಾಜು ಕಚೇರಿಯಲ್ಲಿ ದೂರು ವಿಭಾಗದ ಮುಖ್ಯಸ್ಥರು. ನಲ್ಲಿಯಲ್ಲಿ ನೀರಿಲ್ಲ ಎಂದು ಯಾರಾದರೂ ದೂರು ಕೊಟ್ಟರೆ ಅದನ್ನು ಓದುವುದು, ಪುಸ್ತಕದಲ್ಲಿ ದಾಖಲಿಸುವುದು, 'ತೃಪ್ತಿಕರವಾಗಿ ವಿಲೇವಾರಿ ಆಗಿದೆ' ಎಂದು ಮುದ್ರೆ ಒತ್ತುವುದು, ಈ ಮೂರರಲ್ಲಿ ಅವರನ್ನು ಮೀರಿಸಿದವರು ಕಚೇರಿಯ ಚರಿತ್ರೆಯಲ್ಲೇ ಇಲ್ಲ. ನಲ್ಲಿಯಲ್ಲಿ ಆಮೇಲೆ ನೀರು ಬಂತೋ ಇಲ್ಲವೋ ಎಂಬುದು ಬೇರೆ ವಿಭಾಗದ ತಲೆನೋವು. ದಿನಾ ಸಂಜೆ ಐದಕ್ಕೆ ಅವರ ಮೇಜಿನಲ್ಲಿ ಬಾಕಿ ದೂರು ಸೊನ್ನೆ! ಅದಕ್ಕೇ ಸಹೋದ್ಯೋಗಿಗಳು ಪ್ರೀತಿಯಿಂದಲೋ ಹೊಟ್ಟೆಯುರಿಯಿಂದಲೋ ಇಟ್ಟ ಹೆಸರು ಸೊನ್ನೆ ಸಾಹೇಬರು. ಅವರಿಗಂತೂ ಅದು ಬಿರುದು.

ಹೆಂಡತಿಯ ಕೆಲಸ ಬೇರೆ ಥರದ್ದು. ಕಣ್ಣು ಕಾಣದವರ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿ ಮುದ್ರಿಸಿಕೊಡುವುದು. ಈ ಸಲದ್ದು ಇತಿಹಾಸದ ಪಠ್ಯಪುಸ್ತಕ, ಮೂವತ್ತೆಂಟು ಅಧ್ಯಾಯ. ಅದನ್ನು ಕೇಳಿಕೊಂಡೇ ಹದಿನಾರು ಮಂದಿ ಪರೀಕ್ಷೆಗೆ ಕೂರಬೇಕು. ಬಟ್ಟೆ ಬೀರುವಿನೊಳಗೆ ಮೈಕು ಇಟ್ಟು, ಫ್ಯಾನು ಆರಿಸಿ, ಬೆವರು ಸುರಿಸುತ್ತಾ ಹನ್ನೊಂದು ತಿಂಗಳು ಓದಿದ್ದರು. ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆ ಅಷ್ಟೂ ಧ್ವನಿ ಹೋಗಿ ಕುಳಿತದ್ದು ಮೇಜಿನ ಮೇಲಿದ್ದ ಒಂದು ಕಪ್ಪು ಡಿಸ್ಕಿನೊಳಗೆ.

ಆ ಡಿಸ್ಕಿಗೂ ಒಂದು ದೂರು ಪುಸ್ತಕ ಇದೆಯೆಂದು ಸಾಹೇಬರಿಗೆ ಗೊತ್ತಾದದ್ದೇ ತಡ, ಮೈಯಲ್ಲಿ ವಿದ್ಯುತ್ ಹರಿಯಿತು. ಚಿತ್ರವಿಲ್ಲ, ಬಟನ್ನಿಲ್ಲ, ಪರದೆಯ ಮೇಲೆ ಬರೀ ಕಪ್ಪು ಕಿಟಕಿ. ಅದರಲ್ಲಿ ಒಂದು ಸಾಲು ಕಮಾಂಡ್ ಟೈಪ್ ಮಾಡಿದರೆ ಡಿಸ್ಕು ತನ್ನ ದೂರು ಪುಸ್ತಕವನ್ನು, ಅಂದರೆ ಲಾಗ್ ಅನ್ನು, ತೆರೆದು, ಎಷ್ಟು ಸಲ ಓದಲಾಗಲಿಲ್ಲ, ಎಷ್ಟು ಸಲ ಬರೆಯಲಾಗಲಿಲ್ಲ ಎಂದು ನಿಯತ್ತಾಗಿ ಒಪ್ಪಿಸುತ್ತದೆ. ಅದೇ ಸಾಲಿನ ಬಾಲಕ್ಕೆ ಒಂದು ಅಡ್ಡಗೆರೆ, ಒಂದು ಝಡ್ ಸೇರಿಸಿದರೆ, ಓದಿ ಮುಗಿದ ತಕ್ಷಣ ಎಲ್ಲ ಲೆಕ್ಕವೂ ಸೊನ್ನೆ! ಆಹಾ! ಓದು, ದಾಖಲಿಸು, ವಿಲೇವಾರಿ ಮಾಡು! ಇಂಥ ಸುಸಂಸ್ಕೃತ ಯಂತ್ರವನ್ನು ಸಾಹೇಬರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ದರ್ಬಾರು. ಕಪ್ಪು ಕಿಟಕಿ ತೆರೆಯುವುದು, ದೋಷದ ಅಂಕಿಯನ್ನು ಕೆಂಪು ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಬಾಲದ ಝಡ್ ಒತ್ತುವುದು, ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಡಿಸ್ಕು ಗುಂಡುಕಲ್ಲಿನ ಹಾಗಿದೆ ಕಣೇ! ದೋಷ ಸೊನ್ನೆ!" ಎಂದು ಸಾರುವುದು.

ಹೆಂಡತಿ ಎರಡು ಸಲ ಕೇಳಿದ್ದರು. "ರೀ, ಇನ್ನೊಂದು ಡಿಸ್ಕಿಗೂ ಒಂದು ಕಾಪಿ ಹಾಕಿಡ್ಲಾ? ಯಾಕೋ ನಿಧಾನ ಆದ ಹಾಗಿದೆ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲಲ್ಲ, ಡಿಸ್ಕಿನ ಮೇಲೆ."

"ಎರಡೂ ಒಂದೇ!" ಎಂದಿದ್ದರು ಸಾಹೇಬರು, ಎದೆ ತಟ್ಟಿಕೊಂಡು.

ಹತ್ತನೇ ಶನಿವಾರ ಸಂಜೆ ಐದಕ್ಕೆ ಗ್ರಂಥಾಲಯದ ವ್ಯಾನು ಬಂದು ಧ್ವನಿಮುದ್ರಣ ಒಯ್ಯಬೇಕಿತ್ತು. ಬೆಳಗ್ಗೆ ಹನ್ನೊಂದೂವರೆಗೆ ಹೆಂಡತಿ ಡಿಸ್ಕಿನ ಕೇಬಲ್ಲನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿದರು. ಕಂಪ್ಯೂಟರಿನಲ್ಲಿ ಏನೂ ಕಾಣಿಸಲಿಲ್ಲ. ಬದಲಿಗೆ ಡಿಸ್ಕಿನ ಹೊಟ್ಟೆಯೊಳಗಿಂದ ಒಂದು ಸದ್ದು ಕೇಳಿತು. ಟಕ್. ಸ್ವಲ್ಪ ಹೊತ್ತು ಸುಮ್ಮನಿತ್ತು. ಮತ್ತೆ ಟಕ್, ಟಕ್.

"ರೀ... ಬನ್ನಿ ಇಲ್ಲಿ."

ಆ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಸಾಹೇಬರಿಗೆ ಅಭ್ಯಾಸವಿತ್ತು, ಇದು ಹೆದರಿದ ದನಿ. ಅವರು ಓಡಿ ಬಂದರು.

"ಏನಾಗಿಲ್ಲ, ಏನಾಗಿಲ್ಲ. ಕೇಬಲ್ ಸಡಿಲ ಆಗಿರ್ಬೇಕು. ಹೋದ ವಾರ ಕೂಡ ಸೊನ್ನೆ ಇತ್ತಲ್ಲ!" ಎಂದರು. ಹೋದ ವಾರ ನೋಟ್‌ಬುಕ್ಕಿಗೆ ಇಳಿದ ಅಂಕಿ ನೂರಾನಾಲ್ಕು ಎಂಬುದು ಅವರೊಬ್ಬರಿಗೇ ಗೊತ್ತಿತ್ತು.

ಹನ್ನೆರಡೂಕಾಲಿಗೆ, ಹೆಂಡತಿ ಫೋನ್ ಮಾಡಿ ಕರೆಸಿದ ಕಂಪ್ಯೂಟರ್ ರಿಪೇರಿಯಾಕೆ ಬಂದಳು. ಮೂವತ್ತರ ಆಸುಪಾಸಿನವಳು, ಹೆಗಲಿಗೆ ದಪ್ಪ ಚೀಲ, ಮಾತು ಕಡಿಮೆ. ಡಿಸ್ಕಿಗೆ ಕಿವಿ ಕೊಟ್ಟು ಕೇಳಿದಳು. ಕಪ್ಪು ಕಿಟಕಿ ತೆರೆದು ಪಟಪಟನೆ ಏನೋ ಟೈಪ್ ಮಾಡಿದಳು. ಡಿಸ್ಕು ಒಂದು ನಿಮಿಷ ಎಚ್ಚೆತ್ತು, ಲಾಗ್ ತೋರಿಸಿ, ಮತ್ತೆ ಮೌನ ತಾಳಿತು. ರಿಪೇರಿಯಾಕೆ ಹುಬ್ಬು ಗಂಟಿಕ್ಕಿದಳು.

"ವಿಚಿತ್ರ! ಲಾಗ್‌ನಲ್ಲಿ ಹಳೇ ದೋಷ ಒಂದೂ ಇಲ್ಲ. ಇವತ್ತಿನ ಬೆಳಗಿನವು ನಾಲ್ಕಿವೆ, ಅಷ್ಟೇ."

"ನಾನು ಹೇಳಲಿಲ್ವಾ!" ಎಂದರು ಸಾಹೇಬರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು.

"ಹಾಗಾದ್ರೆ ಡಿಸ್ಕು ಚೆನ್ನಾಗಿದೆ ಅಕ್ಕಾ. ಹೊರಗಿನ ಡಬ್ಬಿನೋ ಕೇಬಲ್ಲೋ ಕೈ ಕೊಟ್ಟಿರ್ಬೇಕು. ಡಬ್ಬಿ ಬಿಚ್ಚಿ, ಬೇರೆ ಕೇಬಲ್ ಹಾಕಿ, ನಾಲ್ಕೈದು ಸಲ ಆನ್-ಆಫ್ ಮಾಡಿ ನೋಡೋಣ. ಬರುತ್ತೆ."

"ಅಕಸ್ಮಾತ್ ಡಿಸ್ಕೇ ಹಾಳಾಗಿದ್ರೆ?" ಎಂದು ಹೆಂಡತಿ ಕೇಳಿದರು.

"ಹಾಳಾಗಿದ್ರೆ ಹಾಗೆ ಮಾಡ್ಲೇಬಾರದು. ಆರಿಸಿ ಹಾಕಿದ ಒಂದೊಂದು ಸಲಕ್ಕೂ ಒಳಗೆ ಇನ್ನಷ್ಟು ಕೆರೆದು ಹೋಗುತ್ತೆ. ಒಂದೇ ಸಲ ಆನ್ ಮಾಡಿ, ಮೆಲ್ಲಗೆ, ಚೆನ್ನಾಗಿರೋ ಜಾಗದಿಂದ ಮೊದಲು ಓದಿಸ್ಕೋಬೇಕು. ಆದರೆ ಹಾಳಾಗೋ ಡಿಸ್ಕು ಲಾಗ್‌ನಲ್ಲಿ ವಾರಗಟ್ಟಲೆ ಬಾಯಿ ಬಡ್ಕೊಳ್ಳುತ್ತೆ ಅಕ್ಕಾ. ಇದು ಒಂದು ಮಾತೂ ಆಡಿಲ್ಲ."

ಸಾಹೇಬರು ಗೋಡೆಗೆ ಒರಗಿದರು. ಅದು ಒಂಬತ್ತು ವಾರ ಬಾಯಿ ಬಡಿದುಕೊಂಡಿತ್ತು. ಒಂಬತ್ತು ವಾರವೂ ಅದರ ಬಾಯಿ ಮುಚ್ಚಿಸಿದವರು ಇಲ್ಲೇ, ಬನಿಯನ್ನು ಹಾಕಿಕೊಂಡು ನಿಂತಿದ್ದರು. ಹೇಳಿಬಿಡಬೇಕು ಎಂದು ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ಹೇಳದಿದ್ದರೆ? ಯಾರಿಗೂ ತಿಳಿಯುವುದಿಲ್ಲ. ಡಿಸ್ಕು ಸತ್ತರೆ ತಪ್ಪು ಡಬ್ಬಿಯದು, ಕೇಬಲ್ಲಿನದು, ರಿಪೇರಿಯಾಕೆಯದು. ಕಡತ ಮುಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಕಚೇರಿಯಲ್ಲೂ ಅವರಿಗೆ ಸಿಕ್ಕಿರಲಿಲ್ಲ.

ರಿಪೇರಿಯಾಕೆ ಡಬ್ಬಿಯ ಸ್ಕ್ರೂ ಬಿಚ್ಚಿದಳು. ಹೊಸ ಕೇಬಲ್ ಹಾಕಿದಳು. ಒಂದು ಸಲ ಆನ್ ಮಾಡಿದಳು. ಟಕ್, ಟಕ್. ಆರಿಸಿದಳು. ಹೆಂಡತಿ ಪಕ್ಕದಲ್ಲಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದರು. ಅವರ ತುಟಿ ಅಲ್ಲಾಡುತ್ತಿತ್ತು. ಸಾಹೇಬರು ಕಿವಿಗೊಟ್ಟರು. ಮೊದಲನೇ ಅಧ್ಯಾಯದ ಮೊದಲ ಸಾಲನ್ನು ಹೆಂಡತಿ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು, ಅಷ್ಟಾದರೂ ಉಳಿಯಲಿ ಎಂಬಂತೆ.

ರಿಪೇರಿಯಾಕೆಯ ಬೆರಳು ಮತ್ತೆ ಸ್ವಿಚ್ಚಿನ ಮೇಲೆ ಹೋಯಿತು.

"ನಿಲ್ಲಿಸಿ!"

ಆ ಕೂಗಿಗೆ ಇಬ್ಬರೂ ಬೆಚ್ಚಿಬಿದ್ದರು. ಸಾಹೇಬರೂ ಬೆಚ್ಚಿದರು.

"ಮುಟ್ಟಬೇಡಿ. ಡಿಸ್ಕೇ ಹಾಳಾಗಿದೆ. ಲಾಗ್ ಖಾಲಿ ಇರೋದು... ನಾನು ಅಳಿಸಿದ್ದಕ್ಕೆ."

"ಎಷ್ಟು ಸಲ?" ಎಂದಳು ರಿಪೇರಿಯಾಕೆ.

"ಪ್ರತಿ ಶನಿವಾರ."

"ಯಾಕೆ?!"

"ಬಾಕಿ ಉಳೀಬಾರದು ಅಂತ" ಎಂದು ಸಾಹೇಬರು ಗೊಣಗಿದರು.

ಹೆಂಡತಿ ಅವರನ್ನೇ ನೋಡಿದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಸಾಹೇಬರು ಬೈಗುಳ ತಿಂದಿದ್ದಾರೆ, ಮೌನವ್ರತ ಕಂಡಿದ್ದಾರೆ, ಒಮ್ಮೆ ಸೌಟಿನಿಂದ ತಪ್ಪಿಸಿಕೊಂಡೂ ಇದ್ದಾರೆ. ಈ ನೋಟವನ್ನು ಮಾತ್ರ ಕಂಡಿರಲಿಲ್ಲ. ಸಾಹೇಬರು ಒಳಗೆ ಓಡಿ ಕೆಂಪು ನೋಟ್‌ಬುಕ್ ತಂದು ಎರಡೂ ಕೈಯಿಂದ ರಿಪೇರಿಯಾಕೆಗೆ ಒಪ್ಪಿಸಿದರು.

ಆಕೆ ಗಟ್ಟಿಯಾಗಿ ಓದಿದಳು. "ಒಂದು. ಎರಡು. ಎರಡು. ಐದು. ಒಂಬತ್ತು. ಹದಿನೇಳು. ಮೂವತ್ತೊಂದು. ಐವತ್ತೆಂಟು. ನೂರಾನಾಲ್ಕು." ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಅದನ್ನೂ ಓದಿದಳು. "ಒಟ್ಟು ವಿಲೇವಾರಿ ಇನ್ನೂರ ಇಪ್ಪತ್ತೊಂಬತ್ತು. ಅತ್ಯುತ್ತಮ!"

"ಆ 'ಅತ್ಯುತ್ತಮ' ಯಾರು ಬರೆದದ್ದು?" ಎಂದರು ಹೆಂಡತಿ.

"ನಾನೇ."

"ಸರ್, ಇದು ನನ್ನ ಕೈಗೆ ಹತ್ತು ನಿಮಿಷ ಮುಂಚೆ ಬಂದಿದ್ರೆ ಇನ್ನೂ ಒಳ್ಳೇದಿತ್ತು" ಎಂದಳು ರಿಪೇರಿಯಾಕೆ. ಕಾಪಿ ಇಳಿಸಿಕೊಳ್ಳಲು ಚೀಲದಿಂದ ಇನ್ನೊಂದು ಡಿಸ್ಕು ತೆಗೆದಳು. "ಇನ್ನು ಒಂದೇ ಸಲ ಆನ್ ಮಾಡೋದು. ಮೇಜು ಅಲ್ಲಾಡಬಾರದು. ಯಾರೂ ಓಡಾಡಬೇಡಿ."

ಒಂದೂಕಾಲಿಗೆ ಸ್ವಿಚ್ ಬಿತ್ತು. ಟಕ್. ಮತ್ತೊಂದು ಟಕ್ ಬರಲಿಲ್ಲ. ಸಣ್ಣಗೆ ಗುಂಯ್‌ಗುಡುವ ಸದ್ದು ಶುರುವಾಯಿತು. ಕಪ್ಪು ಕಿಟಕಿಯಲ್ಲಿ ಒಂದೊಂದೇ ಅಧ್ಯಾಯದ ಹೆಸರು ಮೂಡತೊಡಗಿತು. ಒಂದು. ಎರಡು. ಮೂರು. ಏಳಕ್ಕೆ ಬಂದು ನಿಂತಿತು. ರಿಪೇರಿಯಾಕೆ ಅದನ್ನು ಬಿಟ್ಟು ಮುಂದಕ್ಕೆ ದಾಟಿಸಿದಳು. ಎಂಟು. ಒಂಬತ್ತು.

ಸಾಹೇಬರಿಗೆ ಸೀನು ಬಂತು. ಮೇಜಿನಿಂದ ಎರಡಡಿ ದೂರದಲ್ಲಿ! ಮೂಗು ಹಿಡಿದುಕೊಂಡು, ಕಣ್ಣು ಕೆಂಪು ಮಾಡಿಕೊಂಡು, ಅದನ್ನು ಹೇಗೋ ಒಳಗೇ ನುಂಗಿದರು. ಊಟವಿಲ್ಲ, ನೀರಿಲ್ಲ. ಮೂರೂವರೆ ಗಂಟೆ ಅಲ್ಲೇ ನಿಂತಿದ್ದರು. ಕುರ್ಚಿ ಎಳೆದರೆ ನೆಲ ಅದುರೀತು ಎಂಬ ಭಯ. ಹದಿನೆಂಟು, ಇಪ್ಪತ್ತಾರು, ಮೂವತ್ತು. ಮೂವತ್ತೊಂದರಲ್ಲಿ ಮತ್ತೆ ನಿಂತಿತು. ದಾಟಿತು.

ಐದಕ್ಕೆ ಹದಿನೈದು ನಿಮಿಷ ಇರುವಾಗ ಮೂವತ್ತೆಂಟು ಮೂಡಿತು. ರಿಪೇರಿಯಾಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಲ್ಲಲ್ಲಿ ಕೇಳಿ ನೋಡಿದಳು. ಹೆಂಡತಿಯ ಕಡೆ ತಿರುಗಿ ಮೊದಲ ಬಾರಿಗೆ ನಕ್ಕಳು.

"ಮೂವತ್ತಾರು ಬಂದವು ಅಕ್ಕಾ. ಏಳು, ಮೂವತ್ತೊಂದು ಹೋದವು. ಓದೋದು ತುಂಬ ಚೆನ್ನಾಗಿದೆ."

ಹೆಂಡತಿ ಅಲ್ಲೇ ಕುಸಿದು ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ಎರಡು ಅಧ್ಯಾಯ ಮತ್ತೆ ಓದಿದರಾಯಿತು, ವಾರದೊಳಗೆ ಕೊಡುತ್ತೇನೆ ಎಂದು ಐದಕ್ಕೆ ಬಂದ ವ್ಯಾನಿನವನಿಗೆ ಮೂವತ್ತಾರನ್ನು ಒಪ್ಪಿಸಿ ಅವರೇ ಹೇಳಿ ಕಳಿಸಿದರು.

ಸಾಹೇಬರ ಜೀವ ತಿರುಗಿ ಬಂತು. ಜೀವದ ಜೊತೆ ಗತ್ತೂ ಬರಬೇಕೇ! "ಏನಮ್ಮಾ, ದೊಡ್ಡ ಉಪಕಾರ ಮಾಡಿದೆ. ನಿನಗೇನಾದ್ರೂ ಆಗಬೇಕಿದ್ರೆ ಹೇಳು. ನಾನು ನೀರು ಸರಬರಾಜಿನ ದೂರು ವಿಭಾಗದ ಮುಖ್ಯಸ್ಥ!"

ಚೀಲದ ಜಿಪ್ಪು ಎಳೆಯುತ್ತಿದ್ದ ರಿಪೇರಿಯಾಕೆಯ ಕೈ ನಿಂತಿತು. ಮೆಲ್ಲಗೆ ತಲೆಯೆತ್ತಿದಳು.

"ಹಳೇ ಟಾಕೀಸಿನ ಹಿಂದೆ, ಮೂರನೇ ಮಹಡಿ. ಹತ್ತೊಂಬತ್ತು ದಿನದಿಂದ ನಲ್ಲೀಲಿ ತೊಟ್ಟು ನೀರಿಲ್ಲ. ನಾಲ್ಕು ಸಲ ದೂರು ಕೊಟ್ಟಿದ್ದೀನಿ. ನಾಲ್ಕು ಸಲವೂ ಅರ್ಧ ಗಂಟೇಲಿ ಮೆಸೇಜು ಬಂತು. 'ತೃಪ್ತಿಕರವಾಗಿ ವಿಲೇವಾರಿ ಆಗಿದೆ.' ಯಾರಪ್ಪಾ ಈ ಪುಣ್ಯಾತ್ಮ ಅಂತ ಇಷ್ಟು ದಿನ ಅಂದ್ಕೊತಿದ್ದೆ. ಅದು ನೀವಾ ಸರ್?"

ಹೆಂಡತಿ ಗಂಡನನ್ನೊಮ್ಮೆ ನೋಡಿದರು. ಅವರು ನಿಧಾನವಾಗಿ ಎದ್ದು ಬಚ್ಚಲುಮನೆಗೆ ಹೋದರು. ನಲ್ಲಿ ಭೋರ್ಗರೆಯುವ ಸದ್ದು ಕೇಳಿತು. ಇಪ್ಪತ್ತು ಲೀಟರಿನ ಎರಡು ಕ್ಯಾನು ತುಂಬಿ ತಂದು ಗಂಡನ ಕಾಲಬುಡದಲ್ಲಿ ಕುಕ್ಕಿದರು.

"ಹೊತ್ಕೊಳ್ಳಿ."

"ಲೇ, ನಾಳೆ ಲೈನ್‌ಮನ್ ಕಳಿಸ್ತೀನಿ ಕಣೇ..."

"ಲೈನ್‌ಮನ್ ಜೊತೆ ನಾಳೆ ನೀವೂ ಹೋಗಿ. ಇವತ್ತು ಇದನ್ನ ಹೊತ್ಕೊಳ್ಳಿ."

ಬನಿಯನ್ನಿನ ಮೇಲೆ ಅಂಗಿ ಸಿಕ್ಕಿಸಿಕೊಂಡು, ರಿಪೇರಿಯಾಕೆಯ ಹಿಂದೆ, ಎರಡು ಕೈಯಲ್ಲೂ ಕ್ಯಾನು ಹಿಡಿದು ಸೊನ್ನೆ ಸಾಹೇಬರು ಹೊರಟರು. ಲಿಫ್ಟಿಲ್ಲದ ಕಟ್ಟಡ. ಎರಡನೇ ಮಹಡಿಗೆ ನಾಲಿಗೆ ಹೊರಬಂತು, ಮೂರನೆಯದಕ್ಕೆ ಕಣ್ಣಿಗೆ ಕತ್ತಲೆ ಕಟ್ಟಿತು. ರಿಪೇರಿಯಾಕೆಯ ಅಜ್ಜಿ ಬಾಗಿಲು ತೆರೆದರು. ಕ್ಯಾನುಗಳನ್ನೂ ಅವುಗಳ ನಡುವೆ ಏದುಸಿರು ಬಿಡುತ್ತಿದ್ದ ಮನುಷ್ಯನನ್ನೂ ಮೇಲಿಂದ ಕೆಳಗೆ ನೋಡಿದರು.

"ಯಾರಪ್ಪಾ ನೀನು?"

"ನೀರಿನ ಆಫೀಸಿನವ್ನು ಅಜ್ಜಿ."

"ಅಯ್ಯೋ ನನ್ನಪ್ಪಾ, ಕೊನೆಗೂ ಬಂದ್ಯಲ್ಲ! ಇನ್ನೇನು, ದೂರು ಮುಗೀತು ಅಂತ ಬರ್ಕೊಂಡು ಹೋಗ್ತೀಯಾ?"

ಸಾಹೇಬರು ಉಸಿರು ಎಳೆದುಕೊಂಡು ಕೈ ಮುಗಿದರು. "ಬೇಡ ಅಜ್ಜಿ. ನಲ್ಲೀಲಿ ನೀರು ಬರೋವರೆಗೂ ಇದು ಬಾಕಿನೇ ಇರಲಿ."

"ಒಳ್ಳೇದಾಯ್ತು ಬಿಡು" ಎಂದರು ಅಜ್ಜಿ, ನೀರನ್ನು ಡ್ರಮ್ಮಿಗೆ ಸುರಿಸಿಕೊಂಡು, ಖಾಲಿ ಕ್ಯಾನುಗಳನ್ನು ಅವರ ಕೈಗೇ ಕೊಡುತ್ತಾ. "ಹಾಗಾದ್ರೆ ಇನ್ನೊಂದು ಸಲ ಹೋಗ್ಬಾ. ಡ್ರಮ್ಮು ಕಾಲು ಭಾಗವೂ ತುಂಬಿಲ್ಲ."